ಅಂಗೈ ಕೆಳಗಿನ ಕಾಗದ

ಸೆರೆಮನೆ, ಮೂರನೇ ಬ್ಯಾರಕ್
ಮಾರ್ಚ್ 2

ಕತ್ತರಿ ಸಾರ್ ಅವರಿಗೆ,

ನಿಮ್ಮ ಕೈ ಹೇಗಿದೆ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಹೇಗಿದೆಯೆಂದು ನನಗೆ ಗೊತ್ತು. ಮೇಜಿನ ಮೇಲೆ ಕಾಗದ ಚುಚ್ಚಿಡುವ ದಬ್ಬಳ ನಿಮ್ಮ ಅಂಗೈಗೆ ಹೊಕ್ಕು ಹಿಂಗೈಯಿಂದ ಹೊರಬಂದಾಗ ಮೂಳೆ ಸರಿದ ಸದ್ದು ನಿಮಗಿಂತ ಮೊದಲು ನನಗೆ ಕೇಳಿಸಿತು. ನೀವು ಕಿರುಚಿದ್ದು ಆಮೇಲೆ.

ಹನ್ನೊಂದು ವರ್ಷ ಆ ಎರಕದ ಕಾರ್ಖಾನೆಯಲ್ಲಿ ಕಾದ ಕಬ್ಬಿಣ ಹೊಯ್ದಿದ್ದೇನೆ. ಹನ್ನೊಂದು ವರ್ಷವೂ ತಿಂಗಳ ಕೊನೆಗೆ ಸಂಬಳದ ಕಿಟಕಿಯಲ್ಲಿ ನಿಮ್ಮ ನೆತ್ತಿಯನ್ನಷ್ಟೇ ನೋಡಿದ್ದೆ. ಮುಖ ಸರಿಯಾಗಿ ನೋಡಿದ್ದು ಆವತ್ತೇ. ನಮ್ಮವರೆಲ್ಲ ನಿಮ್ಮನ್ನು ಕತ್ತರಿ ಎಂದು ಕರೆಯುವುದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಈಗ ಗೊತ್ತಾಯಿತು.

ನನಗೆ ಬೇಕಾಗಿರುವುದು ನಿಮ್ಮ ಬಾಯಿಂದ ಒಂದೇ ಒಂದು ಮಾತು. ಜನವರಿ ಹನ್ನೆರಡನೇ ತಾರೀಕು ಪಾಳಿ ಮುಗಿಸಿ, ಮುಖದ ಮಸಿಯನ್ನೂ ತೊಳೆಯದೆ ನಿಮ್ಮ ಕಿಟಕಿಗೆ ಬಂದೆ. ತೆರಿಗೆ ವಿನಾಯಿತಿಗೆ ಬೇಕಾದ ಮಗಳ ಕಾಯಿಲೆಯ ಸರ್ಟಿಫಿಕೇಟ್ ಒಳಗೆ ತಳ್ಳಿ, "ಸಾರ್, ಇದಕ್ಕೊಂದು ರಸೀತಿ ಕೊಡಿ" ಎಂದೆ. ನೀವು ತಲೆ ಎತ್ತಲಿಲ್ಲ. "ಇದೇನು ಬ್ಯಾಂಕಾ? ಇಟ್ಟು ಹೋಗಪ್ಪ" ಎಂದಿರಿ. ಮರದ ಹಲಗೆಗೆ ನೆಟ್ಟಗೆ ನಿಲ್ಲಿಸಿದ್ದ ಆ ಉದ್ದನೆಯ ದಬ್ಬಳಕ್ಕೆ ನನ್ನ ಕಾಗದವನ್ನು ಎಲ್ಲರ ಕಾಗದದಂತೆ ಚುಚ್ಚಿದಿರಿ. ನಾನು ಇಟ್ಟು ಹೋದೆ.

ಪೊಲೀಸರಿಗೆ ನೀವು ಹೇಳಿದ್ದೇನು? "ಅವನು ಯಾವ ಪುರಾವೆಯನ್ನೂ ಕೊಟ್ಟಿರಲಿಲ್ಲ, ಕುಡಿದು ಬಂದು ಕೊಲ್ಲಲು ನೋಡಿದ." ಜಾಮೀನಿನ ದಿನ ಇದನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. ನನ್ನ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮೊದಲ ಮಾತು ಕೇಳಿದ್ದೇ ಎದ್ದು ಹೋದಳು. ನಾನು ಮರೆತೆ ಎಂದುಕೊಂಡಿದ್ದಾಳೆ. ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ, ಅದಕ್ಕೇ ಸಂಬಳ ಕತ್ತರಿಸಿದರು, ಅದಕ್ಕೇ ಮಗು ಹೋಯಿತು ಎಂದುಕೊಂಡಿದ್ದಾಳೆ. ಅವತ್ತಿನಿಂದ ಇತ್ತ ಸುಳಿದಿಲ್ಲ.

ಹೌದು, ಮಗಳು ಹೋದಳು. ಫೆಬ್ರವರಿ ಒಂಬತ್ತು. ಎರಡು ಗಂಟೆ ಬಿಟ್ಟಿದ್ದರು, ಬೇಡಿ ಹಾಕಿ. ಅವಳ ಹಣೆ ಮುಟ್ಟಲು ಹೋದರೆ ಸರಪಳಿ ಅವಳ ಮುಖಕ್ಕೆ ತಾಗಿತು.

ಕೊಟ್ಟಿದ್ದ ಎಂದು ನನ್ನವಳಿಗೆ ಹೇಳಿ. ಕೋರ್ಟಿಗೆ ಹೇಳದಿದ್ದರೂ ಸರಿ, ಅವಳಿಗೆ ಹೇಳಿ. ಹೇಳದಿದ್ದರೆ, ನಾನೂ ಒಂದು ದಿನ ಹೊರಗೆ ಬರುತ್ತೇನೆ. ನಿಮಗೆ ಇನ್ನೊಂದು ಕೈ ಇದೆ.

ಎರಕದವನು

*

ಮಾರ್ಚ್ 14

ಎರಕದ ವಿಭಾಗದ ನೌಕರನಿಗೆ,

ನಿನ್ನ ಪತ್ರ ಬಂತು. ನನ್ನ ಕೈ ಬರೆಯುವ ಸ್ಥಿತಿಯಲ್ಲಿ ಇಲ್ಲದ್ದರಿಂದ ನಾನು ಹೇಳುತ್ತಿದ್ದೇನೆ, ನನ್ನ ಮಗಳು ಬರೆಯುತ್ತಿದ್ದಾಳೆ. ಮನೆಯಲ್ಲಿ ನಾವಿಬ್ಬರೇ.

ನಿನಗೆ ಲೆಕ್ಕ ಬೇಕಲ್ಲ, ತೆಗೆದುಕೋ. ಬಲಗೈಯ ಎರಡು ಮೂಳೆ ಮುರಿದಿವೆ, ಮೂರು ಬೆರಳು ಮಡಚುವುದಿಲ್ಲ. ಕೈ ದಬ್ಬಳಕ್ಕೆ ಸಿಕ್ಕಿಕೊಂಡು ಮೇಜಿಗೆ ಬಿದ್ದಿದ್ದಾಗ ನೀನು ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಯಂತ್ರದಿಂದ ಬಾಯಿಗೆ ಹೊಡೆದೆ. ಅದಕ್ಕೆ ಎರಡು ಹಲ್ಲು ಹೋದವು. ದಬ್ಬಳವನ್ನು ಅಲ್ಲಿ ಯಾರಿಗೂ ಕೀಳಲಾಗಲಿಲ್ಲ. ಕೈ, ದಬ್ಬಳ, ಹಲಗೆ, ಕಾಗದ ಎಲ್ಲವನ್ನೂ ಒಟ್ಟಿಗೇ ಟವೆಲಿನಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ನಾನು ಒಂದು ಹಲಗೆಯನ್ನು ಹೊತ್ತು ಕೂತಿದ್ದೆ. ನನಗೆ ಐವತ್ತೇಳು ವರ್ಷ.

ಇಷ್ಟು ಮಾಡಿದವನಿಗೆ ನಾನು ನಿಯಮ ವಿವರಿಸಬೇಕಾಗಿ ಬಂದಿದೆ. ಇರಲಿ. ಆದಾಯ ತೆರಿಗೆಯನ್ನು ನಿಮ್ಮ ಕೈಗೆ ಸಂಬಳ ಬರುವ ಮೊದಲೇ ಹಿಡಿದು ಸರಕಾರಕ್ಕೆ ಕಟ್ಟುವುದು ಕಾರ್ಖಾನೆಯ ಹೊಣೆ. ಕಾರ್ಖಾನೆಯ ಪರವಾಗಿ ಹಿಡಿಯುವವನು ನಾನು. ವರ್ಷದ ಮೊದಲಲ್ಲಿ ನೀವು "ನನಗೆ ಇಷ್ಟು ವಿನಾಯಿತಿ ಇದೆ" ಎಂದು ಬರೆದುಕೊಡುತ್ತೀರಿ. ಆ ಮಾತನ್ನು ನಂಬಿ ಒಂಬತ್ತು ತಿಂಗಳು ಕಡಿಮೆ ಹಿಡಿಯುತ್ತೇನೆ. ಜನವರಿ ಹದಿನೈದರೊಳಗೆ ಪುರಾವೆ ಬರಬೇಕು. ಬಾರದಿದ್ದರೆ ಇಡೀ ವರ್ಷದ ಬಾಕಿಯನ್ನು ಉಳಿದ ಮೂರು ಸಂಬಳದಲ್ಲಿ ಹಿಡಿಯಲೇಬೇಕು. ಕಡಿಮೆ ಹಿಡಿದರೆ ದಂಡ ಬೀಳುತ್ತದೆ. ಎರಡು ವರ್ಷದ ಹಿಂದೆ ಬಿದ್ದಾಗ ಅದನ್ನು ಕಾರ್ಖಾನೆ ನನ್ನ ಸಂಬಳದಿಂದ ವಸೂಲಿ ಮಾಡಿತು. ಆಗ ನಾನು ಯಾರ ಕೈಗೂ ದಬ್ಬಳ ಚುಚ್ಚಲಿಲ್ಲ.

ಹೆಚ್ಚು ಹಿಡಿದಿದ್ದರೆ ಎಲ್ಲಿಗೂ ಹೋಗುವುದಿಲ್ಲ. ವರ್ಷ ಮುಗಿದ ಮೇಲೆ ಅರ್ಜಿ ಹಾಕಿದರೆ ರೀಫಂಡ್ ಬರುತ್ತದೆ.

ನೀನು ಯಾವ ಸರ್ಟಿಫಿಕೇಟನ್ನೂ ಕೊಟ್ಟಿಲ್ಲ. ಇದು ನನ್ನ ಮಾತು. ನಿನ್ನ ಮಗಳ ವಿಷಯ ಕೇಳಿ ಬೇಸರವಾಯಿತು.

ಸಂಬಳ ವಿಭಾಗದ ಗುಮಾಸ್ತ

(ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ನಿಮ್ಮ ಮಗಳ ವಿಷಯದ ಸಾಲನ್ನು ಮಾತ್ರ ಅವರು ಎರಡು ಸಲ ಹೊಡೆಸಿ ಮತ್ತೆ ಬರೆಸಿದರು. - ಬರೆದವಳು)

*

ಮಾರ್ಚ್ 25

ಕತ್ತರಿ ಸಾರ್,

ರೀಫಂಡ್! ಆವತ್ತು ಮೇಜಿನ ಮುಂದೆ ನೀವು ಹೇಳಿದ್ದೂ ಇದೇ ಮಾತು. ಇನ್ನೊಂದು ಕೈ ಮುರಿಸಿಕೊಳ್ಳುವ ಆಸೆಯೇ ನಿಮಗೆ?

ನನ್ನ ಮಗಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ಏಳು ವರ್ಷದ ಹುಡುಗಿ. ಸೂಜಿ ಹಿಡಿದು ಬಂದ ನರ್ಸಿನ ಕೈ ಕಚ್ಚಿ ಹಲ್ಲಿನ ಗುರುತು ಮೂಡಿಸಿದ್ದಳು. ಪಕ್ಕದ ಮಂಚದ ಮುದುಕ ಅವಳು ನೋಡುತ್ತಿದ್ದ ಟಿವಿ ಚಾನೆಲ್ ಬದಲಿಸಿದನೆಂದು ಅವನಿಗೆ ಚಪ್ಪಲಿ ಎಸೆದಿದ್ದಳು. ನಾನು ಅವಳನ್ನು ಜಗಳಗಂಟಿ ಎಂದೇ ಕರೆಯುತ್ತಿದ್ದೆ. ಅವಳ ಮೈಯಲ್ಲಿದ್ದದ್ದು ನನ್ನ ರಕ್ತ. ಅದನ್ನು ವಾರಕ್ಕೆ ಎರಡು ಸಲ ತೆಗೆದು ತೊಳೆದು ಹಾಕಬೇಕಿತ್ತು, ಅಷ್ಟೇ.

ಜನವರಿ ಮೂವತ್ತು, ಶುಕ್ರವಾರದ ಸರದಿಯನ್ನು "ನಾಳೆ ಸಂಬಳ" ಎಂದು ಕೈಮುಗಿದು ಮಾಡಿಸಿದ್ದೆ. ಮೂವತ್ತೊಂದಕ್ಕೆ ನಿಮ್ಮ ಚೀಟಿ ಕೈಗೆ ಬಂತು. ಆಸ್ಪತ್ರೆಯಲ್ಲಿ ಕೂತ ದಿನಗಳಿಗೆ ಒಂದು ಪಾಲು ಹೋಗಿತ್ತು, ಅದು ಗೊತ್ತಿದ್ದದ್ದೇ. ಉಳಿದದ್ದರಲ್ಲಿ ಅರ್ಧ ತೆರಿಗೆಗೆ. ಅದರ ಮೇಲೆ ಒಂದು ಸಾಲು: ಕಾಯಿಲೆಯಿರುವ ಅವಲಂಬಿತರು, ಇಲ್ಲ. ಇಲ್ಲ ಎಂದು ಅಚ್ಚಾಗಿತ್ತು, ಸಾರ್! ಆ ಹೊತ್ತಿನಲ್ಲಿ ಅವಳು ಮಂಚದ ಮೇಲೆ ಕೂತು ಬಿಸ್ಕತ್ತಿಗೆ ಜಗಳವಾಡುತ್ತಿದ್ದಳು.

ನೀವು ಕತ್ತರಿಸಿದ್ದು ಸರಿಯಾಗಿ ನಾಲ್ಕು ಡಯಾಲಿಸಿಸ್ ಆಗುವಷ್ಟು.

ಓಡಿಬಂದೆ. ಕಿಟಕಿಗೆ ಬರದೆ ಬಾಗಿಲಿಂದಲೇ ಒಳಗೆ ನುಗ್ಗಿದೆ. "ಸಾರ್, ಸರ್ಟಿಫಿಕೇಟ್ ಕೊಟ್ಟಿದ್ದೀನಿ, ನೋಡಿ" ಎಂದೆ. ನೀವು ಆ ದಬ್ಬಳದ ಪಕ್ಕ ಬೆರಳಿನಿಂದ ತಾಳ ಹಾಕುತ್ತಾ, "ಇದ್ರಲ್ಲಿ ಇಲ್ಲ. ಇದ್ದಿದ್ರೆ ನಾನು ನೋಡ್ತಿರ್ಲಿಲ್ವಾ? ರೀಫಂಡ್ ಬರುತ್ತೆ, ಆರೇಳು ತಿಂಗಳು ತಡ್ಕೋ" ಎಂದಿರಿ. ಆರೇಳು ತಿಂಗಳು! ಅವಳು ಆರೇಳು ದಿನ ತಡೆದುಕೊಳ್ಳುವವಳಲ್ಲ. ನಾನು ನಿಮ್ಮ ಮಣಿಕಟ್ಟು ಹಿಡಿದೆ. ಕುಡಿದಿರಲಿಲ್ಲ, ಅದೂ ಸುಳ್ಳು.

ಇಲ್ಲಿ ಒಬ್ಬ ನನ್ನ ಹಾಸಿಗೆಯಡಿಯಿಂದ ಅವಳ ತಲೆಯ ಕ್ಲಿಪ್ ಕದ್ದ. ಅವನ ದವಡೆ ಈಗ ತಂತಿಯಲ್ಲಿ ನಿಂತಿದೆ. ನನಗೆ ಕೈ ತಡೆಯುವುದು ಬರುವುದಿಲ್ಲ. ಇದನ್ನು ಬೆದರಿಕೆ ಎಂದುಕೊಂಡರೂ ಸರಿ.

ಡಾಕ್ಟರು ಇನ್ನೊಂದು ಸರ್ಟಿಫಿಕೇಟ್ ಬರೆದುಕೊಡಬಹುದು. ನಾನು ಕೊಟ್ಟಿದ್ದೆ ಎಂದು ಬರೆದುಕೊಡುವವರು ನಿಮ್ಮನ್ನು ಬಿಟ್ಟು ಯಾರಿದ್ದಾರೆ? ರೀಫಂಡ್ ಅರ್ಜಿಯಲ್ಲಿ ಮಗಳನ್ನು ವಾಪಸು ಕೇಳುವ ಜಾಗ ಇದೆಯೇ?

ಎರಕದವನು

*

ಏಪ್ರಿಲ್ 20

ನಿನ್ನ ಬೆದರಿಕೆಯ ಪತ್ರವನ್ನು ಪೊಲೀಸರಿಗೆ ಕೊಟ್ಟಿದ್ದೇನೆ.

ಮೊನ್ನೆ ನಿನ್ನ ಸ್ನೇಹಿತರು ಮನೆಗೆ ಬಂದಿದ್ದರು. ಸ್ಕೂಟರಿಗೆ ಕಬ್ಬಿಣದ ಸರಳಿನಿಂದ ಹೊಡೆದು ಗುರುತು ಸಿಗದ ಹಾಗೆ ಮಾಡಿ ಹೋದರು. ಒಂದು ಕಲ್ಲು ಕಿಟಕಿಯ ಗಾಜು ಒಡೆದು ನನ್ನ ಮಗಳ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಅವಳಿಗೆ ಇಪ್ಪತ್ತು ವರ್ಷ. ಅವಳು ಯಾರ ಸಂಬಳವನ್ನೂ ಕತ್ತರಿಸಿಲ್ಲ.

ಮಗಳು ಎಂದರೆ ನಿನಗೊಬ್ಬನಿಗೇ ಇದ್ದದ್ದು ಎಂದುಕೊಂಡಿದ್ದೀಯಾ? ತೀರಿಹೋದ ನನ್ನ ಹೆಂಡತಿಯ ತಮ್ಮ ನೀನಿರುವ ಸೆರೆಮನೆಯಲ್ಲೇ ಕಾವಲುಗಾರ. ಇಷ್ಟು ದಿನ ಅವನಿಗೆ ಏನನ್ನೂ ಹೇಳಿರಲಿಲ್ಲ. ಇನ್ನು ಹೇಳುವುದಿಲ್ಲ ಎಂದು ಮಾತು ಕೊಡಲಾರೆ.

ಜೂನ್ ಇಪ್ಪತ್ತೈದಕ್ಕೆ ಕೋರ್ಟಿನಲ್ಲಿ ನನ್ನ ಸಾಕ್ಷಿ. ಕೊಲೆಯತ್ನ ಸಾಬೀತಾದರೆ ಹತ್ತು ವರ್ಷ ಎಂದು ವಕೀಲರು ಹೇಳಿದ್ದಾರೆ. ನಾನು ಹೇಳಬೇಕಾದ್ದನ್ನೇ ಹೇಳುತ್ತೇನೆ. ಇನ್ನು ಪತ್ರ ಬರೆಯಬೇಡ.

ಗುಮಾಸ್ತ

(ಇದು ಅಪ್ಪನಿಗೆ ಗೊತ್ತಿಲ್ಲದೆ ಸೇರಿಸುತ್ತಿರುವುದು. ಅಣ್ಣ, ಆ ಸರ್ಟಿಫಿಕೇಟ್ ಯಾವ ಬಣ್ಣದ ಕಾಗದ? ಅದರ ಮೇಲೆ ಬೇರೆ ಏನಾದರೂ ಗುರುತಿತ್ತಾ? ಉತ್ತರ ಬರೆದರೆ ಸಾಕು, ಯಾಕೆ ಎಂದು ಕೇಳಬೇಡಿ. ಪತ್ರ ಒಡೆದು ಓದುವವಳು ನಾನೇ.)

*

ಮೇ 30

ಕತ್ತರಿ ಸಾರ್,

ಅಕ್ಷರ ಬೇರೆಯಾಗಿದೆ ಎಂದು ಗಾಬರಿಯಾಗಬೇಡಿ. ಪಕ್ಕದ ಹಾಸಿಗೆಯ ಕ್ಷೌರಿಕ ಬರೆಯುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ. ಈಗ ನಾವಿಬ್ಬರೂ ಸಮಸಮ. ಈ ಪತ್ರ ಗೇಟಿನ ಮೂಲಕ ಬರುತ್ತಿಲ್ಲ, ಬಿಡುಗಡೆಯಾದವನೊಬ್ಬನ ಚಪ್ಪಲಿಯೊಳಗೆ ಬರುತ್ತಿದೆ.

ಮೇ ನಾಲ್ಕನೇ ತಾರೀಕು ಬೆಳಿಗ್ಗೆ, ಸ್ನಾನದ ತೊಟ್ಟಿಯ ಹತ್ತಿರ. ನಾಲ್ಕು ಜನ. ಮೊದಲು ಮುಖಕ್ಕೆ ಒದ್ದೆ ಕಂಬಳಿ ಹಾಕಿದರು. ಲಾಠಿಯ ಏಟನ್ನು ಎಣಿಸಲು ನೋಡಿದೆ, ಮೂವತ್ತರವರೆಗೆ ಲೆಕ್ಕ ಸಿಕ್ಕಿತು. ನಿಮ್ಮಷ್ಟು ಲೆಕ್ಕ ನನಗೆ ಬರುವುದಿಲ್ಲ. ಬಲಗೈಯ ಬೆರಳುಗಳನ್ನು ತೊಟ್ಟಿಯ ಅಂಚಿಗಿಟ್ಟು ಬೂಟಿನಿಂದ ತುಳಿದರು. ಹೋಗುವಾಗ ಒಬ್ಬ ಬಗ್ಗಿ, "ಕತ್ತರಿ ಸಾರ್ ಕೇಳಿದ್ರು ಅಂತ ತಿಳ್ಕೋ" ಎಂದ. ಆ ಮಾತೇ ನನ್ನ ಬಲಗಿವಿಗೆ ಕೇಳಿಸಿದ ಕೊನೆಯ ಮಾತು. ಈಗ ಆ ಕಡೆ ಬರೀ ಗುಂಯ್ ಎನ್ನುತ್ತದೆ.

ಬೈಯಲು ಬರೆಯುತ್ತಿಲ್ಲ. ಬೈಗುಳಕ್ಕೆ ಬೇಕಾದ ಉಸಿರು ಸದ್ಯಕ್ಕಿಲ್ಲ. ಪಕ್ಕೆಲುಬು ಎರಡು ಮುರಿದಿವೆ.

ತಲೆಗೆ ಏಟು ಬಿದ್ದ ಮೇಲೆ ಕೆಲವು ಸಂಗತಿ ಜಾರಿಹೋಗಿವೆ. ಮನೆಯ ಬಾಗಿಲಿನ ಬಣ್ಣ ನೆನಪಿಲ್ಲ. ನಿಮ್ಮ ಕಿಟಕಿಗೆ ಬಂದದ್ದು ನೆನಪಿದೆ, ಕಾಗದ ತಳ್ಳಿದ್ದು ನೆನಪಿದೆ, ಆದರೆ ಅದು ಈ ವರ್ಷವೋ ಹೋದ ವರ್ಷವೋ? ಹೋದ ವರ್ಷವೂ ನೀವು "ಇಟ್ಟು ಹೋಗಪ್ಪ" ಎಂದೇ ಅಂದಿದ್ದಿರಿ. ಊಟದ ಡಬ್ಬಿಯ ಕೆಳಗೆ ಒಂದು ಕಾಗದ ಮಡಚಿಟ್ಟ ಹಾಗೂ ನೆನಪಾಗುತ್ತದೆ. ನನ್ನವಳು ಹೇಳುವುದೇ ನಿಜವಿರಬಹುದು. ನಾನು ಮರೆತಿರಬಹುದು.

ಹಾಗಿದ್ದರೆ ಮಗಳನ್ನು ಕೊಂದವನು ನಾನೇ. ಆವತ್ತು ನಿಮ್ಮ ಕೈ ಚುಚ್ಚಿದ್ದು ನನ್ನ ತಪ್ಪಿಗೆ. ಜೂನ್ ಇಪ್ಪತ್ತೈದಕ್ಕೆ ನಿಮ್ಮ ಸಾಕ್ಷಿಯೇ ಬೇಡ. ಕೊಟ್ಟಿರಲಿಲ್ಲ, ಕೊಲ್ಲಲೆಂದೇ ಬಂದಿದ್ದೆ ಎಂದು ಒಪ್ಪಿಕೊಂಡು ಸಹಿ ಹಾಕುತ್ತೇನೆ. ಹೆಬ್ಬೆಟ್ಟು ಒತ್ತುತ್ತೇನೆ, ಅದೊಂದು ಬೆರಳು ನೆಟ್ಟಗಿದೆ.

ತಂಗಿ, ಇದು ನಿನಗೆ, ಅಪ್ಪನಿಗೆ ಓದಬೇಡ. ತಿಳಿ ಹಸಿರು ಕಾಗದ. ಮೇಲಿನ ಮೂಲೆಯಲ್ಲಿ ಜಗಳಗಂಟಿ ಡಾಕ್ಟರ ಪೆನ್ನು ಕಸಿದು ಒಂದು ಬೆಕ್ಕು ಬಿಡಿಸಿದ್ದಳು. ಮೂರು ಕಾಲಿನ ಬೆಕ್ಕು. ನಾಲ್ಕನೆಯದು ಬಿಡಿಸುವ ಮೊದಲೇ ಡಾಕ್ಟರು ಪೆನ್ನು ವಾಪಸು ಕಿತ್ತುಕೊಂಡರು. ನೀನು ಕೇಳಿದ್ದರಿಂದ ಹೇಳಿದೆ. ಇಷ್ಟು ಮಾತ್ರ ಜಾರಿಹೋಗಿಲ್ಲ.

ಎರಕದವನು

*

ಜೂನ್ 12

ತಮ್ಮ,

ಇದು ನನ್ನದೇ ಅಕ್ಷರ, ಎಡಗೈಯದು. ಬರೆಯಲು ನಾಲ್ಕು ದಿನ ಹಿಡಿಯಿತು. ಮಗಳಿಗೆ ಹೇಳಿ ಬರೆಸುವಂಥದ್ದಲ್ಲ. ಹೇಳಿದರೂ ಅವಳು ಬರೆಯುವುದಿಲ್ಲ. ಒಂಬತ್ತನೇ ತಾರೀಕಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ತಟ್ಟೆಯಲ್ಲಿ ಒಂದು ತಿಳಿ ಹಸಿರು ಕಾಗದ ಇಟ್ಟಳು. ನಿನ್ನ ಪತ್ರವನ್ನು ಪಕ್ಕದಲ್ಲಿಟ್ಟಳು. "ಮೂರು ಕಾಲು. ಎಣಿಸಿ ನೋಡಪ್ಪಾ" ಎಂದಳು. ಅಷ್ಟೇ ಅವಳಾಡಿದ ಮಾತು.

ನೀನು ಕೊಟ್ಟಿದ್ದೆ. ಈ ವರ್ಷ, ಜನವರಿ ಹನ್ನೆರಡಕ್ಕೆ ಕೊಟ್ಟಿದ್ದೆ. ನಿನ್ನ ನೆನಪು ಸರಿಯಾಗಿದೆ.

ಹೇಗೆ ತಪ್ಪಿತೆಂದು ಹೇಳುತ್ತೇನೆ. ಬಂದ ಪುರಾವೆಯನ್ನೆಲ್ಲ ದಬ್ಬಳಕ್ಕೆ ಚುಚ್ಚುವುದು, ಕೊನೆಯ ದಿನ ಮೇಲಿಂದ ಒಂದೊಂದೇ ತೆಗೆದು ಲೆಕ್ಕಕ್ಕೆ ಹಾಕುವುದು ನನ್ನ ಪದ್ಧತಿ. ಮೊದಲು ಬಂದವನ ಕಾಗದ ಬುಡದಲ್ಲಿರುತ್ತದೆ. ಜನವರಿ ಹದಿನೈದರ ಸಂಜೆ ಬುಡದಲ್ಲಿ ಒಂಬತ್ತು ಕಾಗದ ಉಳಿದವು. ಐದೂವರೆಯ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಅವು ಹಳೆಯ ಬಿಲ್ಲುಗಳಿರಬೇಕು ಎಂದುಕೊಂಡೆ. ತೆಗೆದು ನೋಡಲಿಲ್ಲ. ಒಂಬತ್ತು ಜನರ ಹೆಸರಿನ ಮುಂದೆ ಪುರಾವೆ ಇಲ್ಲ ಎಂದು ಬರೆದು ಎದ್ದೆ. ಹೆಚ್ಚು ಹಿಡಿದರೆ ನನಗೇನೂ ಆಗುವುದಿಲ್ಲ, ಕಡಿಮೆ ಹಿಡಿದರೆ ದಂಡ. ಮೂವತ್ತು ವರ್ಷ ಈ ಕುರ್ಚಿಯಲ್ಲಿ ಕೂತು ನಾನು ಕಲಿತ ಬುದ್ಧಿ ಅಷ್ಟೇ. ಬಸ್ಸು ಸಿಕ್ಕಿತು.

ಇಷ್ಟಾಗಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ಮುಂದಿನದಕ್ಕೆ ಆ ಹೆಸರು ಸಾಲದು.

ಆಸ್ಪತ್ರೆಯಲ್ಲಿ ಕೈಯಿಂದ ದಬ್ಬಳ ತೆಗೆದ ಮೇಲೆ, ನನ್ನ ಅಂಗಿ, ಗಡಿಯಾರ ಮತ್ತು ಆ ಕಾಗದದ ಕಟ್ಟನ್ನು ನರ್ಸು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟಳು. ಫೆಬ್ರವರಿ ಎರಡು, ಸೋಮವಾರ, ಬೆಳಿಗ್ಗೆ ಎಡಗೈಯಿಂದ ಚೀಲ ಬಿಚ್ಚಿದೆ. ರಕ್ತಕ್ಕೆ ಕಾಗದಗಳು ಒಂದಕ್ಕೊಂದು ಅಂಟಿದ್ದವು. ನನ್ನ ಅಂಗೈ ಒತ್ತಿದ್ದ ಕಡೆಯಿಂದ ಬಿಡಿಸುತ್ತಾ ಹೋದೆ. ಐದನೆಯದು ನಿನ್ನದು. ನಿನ್ನ ಮಗಳ ಹೆಸರು, ಬೆಕ್ಕು, ಕಾಗದದ ನಡುವೆ ತೂತು.

ಫೆಬ್ರವರಿ ಎರಡು ಎಂದೆ. ನಿನ್ನ ಮಗಳು ಆಗ ಬದುಕಿದ್ದಳು. ಅವಳಿಗೆ ಇನ್ನೂ ಏಳು ದಿನವಿತ್ತು. ನಾನು ಕಾರ್ಖಾನೆಗೆ ಒಂದು ಫೋನ್ ಮಾಡಿದ್ದರೆ, "ತಪ್ಪಾಗಿದೆ, ಅವನ ಮನೆಗೆ ಹಣ ಕಳಿಸಿ" ಎಂದಿದ್ದರೆ, ಮಂಗಳವಾರದ ಸರದಿಗೆ ಹಣ ತಲುಪುತ್ತಿತ್ತು. ಫೋನ್ ತಲೆದಿಂಬಿನ ಪಕ್ಕದಲ್ಲೇ ಇತ್ತು. ಹಿಂದಿನ ದಿನವಷ್ಟೇ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಮಾತು ಬದಲಿಸಿದರೆ ನಗೆಪಾಟಲಾಗುತ್ತೇನೆ, ಕೆಲಸ ಹೋಗುತ್ತದೆ ಎಂದುಕೊಂಡೆ. ಸುಳ್ಳಾಡಬಾರದು. ಅದಕ್ಕಿಂತ ದೊಡ್ಡದು ಸಿಟ್ಟು. ಕೈಯಲ್ಲಿ ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು. ಇವನಿಗೆ ಆಗಬೇಕಾದ್ದೇ, ನರಳಲಿ ಎಂದುಕೊಂಡೆ. ಮಗು ನರಳುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಿದ್ದೇ ಚೀಲದ ಬಾಯಿ ಕಟ್ಟಿದೆ.

ಸುಡಬಹುದಿತ್ತು. ಸುಡಲಿಲ್ಲ. ಕಾಗದ ನಾಶ ಮಾಡುವ ಅಭ್ಯಾಸ ನನಗಿಲ್ಲ, ಬೀರುವಿನಲ್ಲಿ ತೆರಿಗೆ ಕಾಗದಗಳ ಅಡಿಯಲ್ಲಿ ಇಟ್ಟೆ. ಕಲ್ಲು ಬಿದ್ದ ಮರುದಿನ ಗಾಜಿನ ಚೂರು ಗುಡಿಸುವಾಗ ಮಗಳು ಬೀರು ಸರಿಸಿದ್ದಳು. ಅವತ್ತೇ ಕಣ್ಣಿಗೆ ಬಿದ್ದಿರಬೇಕು.

ಇನ್ನೊಂದು. ಬಾಮೈದನಿಗೆ ನಾನೇ ಫೋನ್ ಮಾಡಿದ್ದು. "ನಾಲ್ಕು ಬಿಡು ಅವ್ನಿಗೆ" ಎಂದೆ. ನಾಲ್ಕು ಏಟು ಎಂದು ನಾನಂದೆ, ನಾಲ್ಕು ಜನ ಎಂದು ಅವನು ತಿಳಿದುಕೊಂಡ ಎಂದು ಬರೆಯಲು ಹೊರಟಿದ್ದೆ. ಅದೂ ಸುಳ್ಳೇ. ನಾಲ್ಕು ಏನು ಎಂದು ನಾನು ಬಿಡಿಸಿ ಹೇಳಲಿಲ್ಲ. ಬೆರಳು ಎಂದು ಮಾತ್ರ ಹೇಳಿದ್ದೆ.

ಈ ಪತ್ರಕ್ಕೆ ಮೂರು ಪ್ರತಿ ಮಾಡಿದ್ದೇನೆ. ಒಂದು ಮೂಲ ಸರ್ಟಿಫಿಕೇಟಿನ ಜೊತೆ ಕೋರ್ಟಿಗೆ, ಒಂದು ನಿನ್ನ ಸೆರೆಮನೆಯ ಮುಖ್ಯಾಧಿಕಾರಿಗೆ, ಒಂದು ನಿನ್ನ ಹೆಂಡತಿಗೆ. ಎಲ್ಲವೂ ರಿಜಿಸ್ಟರ್ ಅಂಚೆಯಲ್ಲಿ, ಸ್ವೀಕೃತಿ ಚೀಟಿಯ ಸಮೇತ. ನಿನಗೆ ಆವತ್ತು ಕೊಡದ ರಸೀತಿ ಇದು ಎಂದುಕೋ. ನೀನು ಹೆಬ್ಬೆಟ್ಟು ಒತ್ತಬೇಡ. ಜೂನ್ ಇಪ್ಪತ್ತೈದಕ್ಕೆ ನಾನು ಇದನ್ನೇ ಹೇಳುತ್ತೇನೆ. ಆಮೇಲೆ ನನ್ನನ್ನೂ ಒಳಗೆ ಹಾಕಬಹುದು. ನಿನ್ನ ಬ್ಯಾರಕ್ಕಿಗೆ ಹಾಕದಿದ್ದರೆ ಸಾಕು ಎಂದು ಅಂದುಕೊಂಡೆ, ನೋಡು, ಈಗಲೂ ನನಗೆ ನನ್ನದೇ ಚಿಂತೆ.

ಕ್ಷಮಿಸು ಎಂದು ಕೇಳುವುದಿಲ್ಲ.

ಕತ್ತರಿ

*

ಜುಲೈ 3

ಕತ್ತರಿ ಸಾರ್,

ಕೋರ್ಟಿನಲ್ಲಿ ನೀವು ಹೇಳಿದ್ದನ್ನು ಎಡಗಿವಿ ತಿರುಗಿಸಿಕೊಂಡು ಪೂರ್ತಿ ಕೇಳಿದೆ. ಕೊಲೆಯತ್ನ ಬಿಟ್ಟು ಬರೀ ಗಾಯ ಮಾಡಿದ ಕೇಸು ಉಳಿಯುತ್ತದೆ, ಎರಡು ಮೂರು ವರ್ಷ ಆಗಬಹುದು ಎಂದು ವಕೀಲರು ಹೇಳಿದರು. ನಿಮ್ಮ ಬಾಮೈದನನ್ನು ಕೆಲಸದಿಂದ ಇಳಿಸಿದ್ದಾರೆ. ಇಲ್ಲಿಯವರು ಅವನಿಗೆ ಗೇಟಿನ ಹತ್ತಿರ ಚೆನ್ನಾಗಿ ಬಾರಿಸಿದರಂತೆ. ನಾನು ಹೋಗಿರಲಿಲ್ಲ.

ನಿಮ್ಮ ಪತ್ರವನ್ನು ಮೊದಲ ಸಲ ಓದಿ ಮುಗಿಸಿದಾಗ ಗೋಡೆಗೆ ಹಣೆ ಚಚ್ಚಿಕೊಂಡೆ. ಕ್ಷೌರಿಕ ಹಿಡಿದುಕೊಂಡ. ಏಳು ದಿನ ಎಂದು ಬರೆದಿದ್ದೀರಲ್ಲ, ಆ ಸಾಲು. ನೀವು ಎದುರಿಗೆ ಇದ್ದಿದ್ದರೆ ಕೊಲ್ಲುತ್ತಿದ್ದೆ, ಅದರಲ್ಲಿ ಅನುಮಾನ ಬೇಡ. ಆಗ ಕೊಲೆಯತ್ನ ಅಲ್ಲ, ಕೊಲೆಯೇ. ಇದು ಈಗಲೂ ಹೋಗಿಲ್ಲ, ಬೆಳಿಗ್ಗೆ ಎದ್ದಾಗ ಎದೆಯ ಮೇಲೆ ಕೂತಿರುತ್ತದೆ.

ನಿಮ್ಮ ಮಗಳಿಗೆ ಹೇಳಿ, ಕೋರ್ಟಿನ ಕೆಲಸ ಮುಗಿದ ಮೇಲೆ ಆ ಹಸಿರು ಕಾಗದ ನನಗೆ ಬೇಕು. ಸುಮ್ಮನೆ ಕೊಡಬೇಡಿ, ರಸೀತಿ ಬರೆಸಿಕೊಂಡು ಕೊಡಿ.

ನನ್ನವಳು ನಿನ್ನೆ ಬಂದಿದ್ದಳು. ನಡುವೆ ಜಾಲರಿ. ನಿಮ್ಮ ಪತ್ರದ ಪ್ರತಿ ಅವಳ ಕೈಯಲ್ಲಿತ್ತು. "ನೀನು ಕೊಟ್ಟಿದ್ದೆ. ನಾನು ನಂಬ್ಲಿಲ್ಲ, ತಪ್ಪಾಯ್ತು" ಎಂದಳು. ಐದು ತಿಂಗಳಿಂದ ನಾನು ಕಾದಿದ್ದ ಮಾತು. ನನಗೆ ಅಳು ಬಂತು. ಅವಳು ಅಳಲಿಲ್ಲ.

"ಒಂದು ಕೇಳ್ತೀನಿ. ಅವನ ಕೈ ಹಿಡ್ಕೊಂಡಾಗ ಕಾಗದ ಎಲ್ಲಿತ್ತು?" ಎಂದಳು.

"ಆ ಕೈ ಕೆಳಗೇ."

"ಐದು ಕಾಗದ ಎತ್ತಿ ನೋಡೋಕೆ ಎಷ್ಟು ಹೊತ್ತು ಬೇಕಿತ್ತು?"

ಸಾರ್, ನಿಮ್ಮ ಮಣಿಕಟ್ಟು ಹಿಡಿಯಲು ಬೇಕಾದಷ್ಟು ಹೊತ್ತೂ ಬೇಕಿರಲಿಲ್ಲ. ಕಾಗದ ನನ್ನ ಕಣ್ಣೆದುರೇ ಇತ್ತು. ಅದನ್ನು ನೋಡಿದ್ದರೆ ನೀವು ಗೊಣಗುತ್ತಲಾದರೂ ಅವತ್ತೇ ಸರಿಮಾಡುತ್ತಿದ್ದಿರಿ. ನಾನು ಹಣ ಹಿಡಿದುಕೊಂಡು ಬಿಸ್ಕತ್ತು ತೆಗೆದುಕೊಂಡು ಮಗಳ ಹತ್ತಿರ ಹೋಗುತ್ತಿದ್ದೆ. ನೀವು ನೋಡಲಿಲ್ಲ, ನಾನೂ ನೋಡಲಿಲ್ಲ. ನನಗೆ ಹೊಡೆಯಬೇಕಿತ್ತು. ನಿಮ್ಮ ಕೈ ಚುಚ್ಚಿದ ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಅವಳು ಹೇಳಿದಳು. ಗಲಾಟೆಯಾದ ಮೇಲೆ ನನ್ನ ಉಳಿದ ಸಂಬಳವನ್ನೂ ಕಾರ್ಖಾನೆ ತಡೆಹಿಡಿದಿತ್ತಂತೆ, ಮಂಗಳವಾರ ಬರಿಗೈಯಲ್ಲೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದಳಂತೆ. ಬಾಕಿ ಕಟ್ಟದೆ ಸರದಿ ಇಲ್ಲ ಎಂದರಂತೆ. ನನ್ನ ಸ್ನೇಹಿತರೆಲ್ಲ ಪೊಲೀಸ್ ಠಾಣೆಯ ಮುಂದೆ ನನ್ನ ಪರ ಕೂಗಾಡುತ್ತಿದ್ದರು, ಅವಳ ಜೊತೆ ಒಬ್ಬರೂ ಇರಲಿಲ್ಲ. ಶುಕ್ರವಾರವೂ ಅದೇ. ಭಾನುವಾರ ಮಗುವಿನ ಮುಖ ಊದಿ ಕಣ್ಣು ತೆರೆಯಲಾಗುತ್ತಿರಲಿಲ್ಲ. "ಅಪ್ಪ ಎಲ್ಲಿ?" ಎಂದು ಕೇಳಿದಳಂತೆ. ನನ್ನವಳಿಗೆ ಸಾಕಾಗಿತ್ತು, "ಜಗಳಕ್ಕೆ ಹೋಗಿದ್ದಾನೆ" ಎಂದಳಂತೆ.

"ಗೆದ್ನಾ?" ಎಂದು ಕೇಳಿದಳಂತೆ ನನ್ನ ಜಗಳಗಂಟಿ.

ಇಷ್ಟು ಹೇಳಿ ನನ್ನವಳು ಎದ್ದು ನಿಂತಳು. ಇನ್ನು ಬರುವುದಿಲ್ಲ ಎಂದು ಹೇಳಿ, ನಿಮ್ಮ ಪತ್ರವನ್ನು ಜಾಲರಿಯ ಕೆಳಗಿಂದ ಒಳಗೆ ತಳ್ಳಿ ಹೋದಳು. ಮಗುವಿಗೆ ಏನು ಉತ್ತರ ಕೊಟ್ಟಳೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಎರಕದವನು